ದಿನಕ್ಕೊಂದು ಧಮ್ಮ ಚಿಂತನೆ: ಬೀರುವಿಗೊಬ್ಬ ಭಂಡಾರಿ

ನಮೋ ಬುದ್ಧಾಯ. ಜೈಭೀಮ್.



ಇಂದಿನ ವಿಷಯ ಮನೆಯ ಬೀರು. ಇಷ್ಟು ಸಣ್ಣ ವಿಷಯಕ್ಕೂ ಧಮ್ಮಕ್ಕೂ ಏನು ಸಂಬಂಧ ಎನ್ನಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ.

ಬೀರು ಇರುವುದು ಬಟ್ಟೆಗೆ. ಆದರೆ ನಮ್ಮಲ್ಲಿ ಹಲವರ ಬೀರುವಿನಲ್ಲಿ ಬಟ್ಟೆಯ ಜೊತೆ ಇನ್ನೊಂದು ಸಂಸಾರವೂ ಸೇರಿಕೊಂಡಿರುತ್ತದೆ. 1956ರ ಬುದ್ಧ ಜಯಂತಿಗೆ ಬಂದ 2 ಆಣೆ ಮತ್ತು 14 ಆಣೆಯ ಅಂಚೆಚೀಟಿಗಳು. 1966ರಲ್ಲಿ ಬಂದ ಬಾಬಾಸಾಹೇಬರ 15 ಪೈಸೆಯ ಚೀಟಿ. ಅವರ ಮುಖವಿರುವ 1990ರ ಒಂದು ರೂಪಾಯಿ ನಾಣ್ಯ, 2015ರ 10 ರೂಪಾಯಿ ನಾಣ್ಯ. ಊರೂರು ತಿರುಗಿ ತಂದ ಪುಟ್ಟ ಬುದ್ಧಮೂರ್ತಿಗಳು. ನಾಗಪುರದ ದೀಕ್ಷಾಭೂಮಿಯಿಂದ ತಂದ ಬ್ಯಾಡ್ಜುಗಳು. ದಲಿತ ಸಂಘರ್ಷ ಸಮಿತಿಯ ಹಳೆಯ ಕರಪತ್ರಗಳು, 'ಪಂಚಮ' ಪತ್ರಿಕೆಯ ಸಂಚಿಕೆಗಳು. ಇವೆಲ್ಲ ಸೀರೆಯ ಕೆಳಗೆ, ಶರಟಿನ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಕೂತಿರುತ್ತವೆ. ಎರಡು ಕೋಣೆಯ ಮನೆ, ಇರುವುದು ಒಂದೇ ಬೀರು. ಯಾವುದಕ್ಕೆ ಜಾಗ, ಎಷ್ಟು ಜಾಗ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಈ ಬಗ್ಗೆ ನಮ್ಮ ಓದಿನ ಬಳಗದಲ್ಲಿ ಎರಡು ಮಾತು ಕೇಳುತ್ತೇವೆ.

ಒಂದು: "ನಾವು ತಿಸರಣ, ಪಂಚಶೀಲ ತೆಗೆದುಕೊಂಡವರು. ತಣ್ಹೆಯೇ ದುಃಖಕ್ಕೆ ಮೂಲ ಎಂದು ದಿನವೂ ಓದುವವರು. ನಾಣ್ಯ, ಚೀಟಿ ಕೂಡಿಸುತ್ತಾ ಕೂರುವುದು ತಣ್ಹೆಯಲ್ಲದೆ ಮತ್ತೇನು?"

ಇನ್ನೊಂದು: "ನಮ್ಮ ಅಜ್ಜಿಗೆ ಒಂದು ತಗಡಿನ ಟ್ರಂಕೂ ಇರಲಿಲ್ಲ. ಈಗ ತಾನೇ ನಾಲ್ಕು ವಸ್ತು ನಮ್ಮದು ಎನ್ನುವ ಹಾಗಾಗಿದೆ. ಅಷ್ಟರಲ್ಲೇ ಬಿಡು ಬಿಡು ಎಂದರೆ ಹೇಗೆ?"

ಎರಡು ಮಾತಿನಲ್ಲೂ ಸತ್ಯವಿದೆ. ಎರಡನೆಯದರಿಂದಲೇ ಶುರು ಮಾಡೋಣ.

*ಬಿಡುವುದಕ್ಕೂ ಕಸಿಯುವುದಕ್ಕೂ ಇರುವ ಅಂತರ*

ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರು ಏನು ಇಟ್ಟುಕೊಳ್ಳಬಹುದು ಎಂಬ ಪಟ್ಟಿ ಇದೆ. ಉಡಲು ಹೆಣದ ಮೇಲಿನ ಬಟ್ಟೆ. ಉಣ್ಣಲು ಒಡೆದ ಪಾತ್ರೆ. ತೊಡಲು ಕಬ್ಬಿಣದ ಒಡವೆ. ಆಸ್ತಿ ಎಂದರೆ ನಾಯಿ ಮತ್ತು ಕತ್ತೆ. ಅದೇ ಅಧ್ಯಾಯದಲ್ಲಿ, ಶೂದ್ರನಿಗೆ ಶಕ್ತಿ ಇದ್ದರೂ ಸಂಪತ್ತು ಕೂಡಿಸಬಾರದು ಎಂಬ ಕಟ್ಟಳೆಯೂ ಇದೆ. ಅಂದರೆ ನಮ್ಮ ಹಿರಿಯರ ಬೀರುವಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಬೇರೆ ಯಾರೋ ಬರೆದಿಟ್ಟಿದ್ದರು. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಬರೀ ಕಾಗದ ಸುಡುವ ಕೆಲಸವಾಗಿರಲಿಲ್ಲ. ಅದೇ ದಿನಗಳಲ್ಲಿ ಬಾಬಾಸಾಹೇಬರು ಅಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಬಟ್ಟೆಯ ಬಗ್ಗೆಯೇ ಮಾತಾಡಿದರು. ಜಾತಿಯನ್ನು ತೋರಿಸುವ ರೀತಿಯಲ್ಲಿ ಸೀರೆ ಉಡಬೇಡಿ, ಜಾತಿಯ ಗುರುತಾದ ಭಾರದ ಒಡವೆಗಳನ್ನು ಬಿಡಿ, ಬಟ್ಟೆ ಹರಿದಿದ್ದರೂ ಸ್ವಚ್ಛವಾಗಿರಲಿ ಎಂದರು.

ಈಗ ಭಗವಾನ್ ಬುದ್ಧರ ಕಡೆ ನೋಡಿ. ಅವರ ಭಿಕ್ಖುಗಳೂ ಸ್ಮಶಾನದಲ್ಲಿ, ಕಸದ ರಾಶಿಯಲ್ಲಿ ಎಸೆದ ಚಿಂದಿಯನ್ನು ಆಯ್ದು, ಒಗೆದು, ಹೊಲಿದು ಉಡುತ್ತಿದ್ದರು. ಅದನ್ನು ಪಂಸುಕೂಲ ಎನ್ನುತ್ತಾರೆ. ಮೇಲ್ನೋಟಕ್ಕೆ ಎರಡೂ ಹೆಣದ ಬಟ್ಟೆಯೇ. ಆದರೆ ಜೀವಕ ವೈದ್ಯನು ಒಳ್ಳೆಯ ವಸ್ತ್ರ ತಂದು ಅರ್ಪಿಸಿದಾಗ ಬುದ್ಧರು ಅದನ್ನು ಸ್ವೀಕರಿಸಿ ಹೇಳಿದ್ದು ಇಷ್ಟು: ಚಿಂದಿ ಉಡಲು ಬಯಸುವವರು ಚಿಂದಿ ಉಡಲಿ, ಗೃಹಸ್ಥರು ಕೊಟ್ಟ ಬಟ್ಟೆ ಬಯಸುವವರು ಅದನ್ನು ತೆಗೆದುಕೊಳ್ಳಲಿ. ಮುಂದೆ ದೇವದತ್ತನು, ಎಲ್ಲ ಭಿಕ್ಖುಗಳೂ ಜೀವಮಾನವಿಡೀ ಚಿಂದಿಯನ್ನೇ ಉಡಬೇಕೆಂದು ಕಡ್ಡಾಯ ಮಾಡಿ ಎಂದು ಕೇಳಿದ. ಬುದ್ಧರು ಒಪ್ಪಲಿಲ್ಲ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ತಾನಾಗಿ ಬಿಟ್ಟರೆ ಅದು ತ್ಯಾಗ. ಬಿಡಿಸಿದರೆ ಅದು ದೌರ್ಜನ್ಯ. ಇಟ್ಟುಕೊಳ್ಳುವ ಹಕ್ಕೇ ಇಲ್ಲದವನಿಗೆ "ಬಿಡು" ಎಂದು ಉಪದೇಶ ಮಾಡುವುದು ಧಮ್ಮವಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಬೀರು ಇದೆ, ಅದರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಇದೆ, ಇಷ್ಟಪಟ್ಟು ಕೂಡಿಸಿದ ನಾಣ್ಯ ಇದೆ ಎಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ.

*ಗೃಹಸ್ಥರ ಧಮ್ಮ ಬೇರೆ*

ಭಿಕ್ಖುವಿಗೆ ಎಂಟೇ ವಸ್ತು ಎಂದು ಬಾಬಾಸಾಹೇಬರು 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಪ್ರಬಂಧದಲ್ಲಿ ಎಣಿಸಿದ್ದಾರೆ. ಮೂರು ಚೀವರ, ಸೊಂಟದ ಪಟ್ಟಿ, ಪಿಂಡಪಾತ್ರೆ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಆ ಲೆಕ್ಕ ಭಿಕ್ಖುಸಂಘದ್ದು. ಗೃಹಸ್ಥರಿಗೆ ಬುದ್ಧರು ಬೇರೆ ಲೆಕ್ಕ ಕೊಟ್ಟರು. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದರು: ಒಂದು ಪಾಲು ಅನುಭವಿಸಲು, ಎರಡು ಪಾಲು ದುಡಿಮೆಗೆ, ಒಂದು ಪಾಲು ಕಷ್ಟಕಾಲಕ್ಕೆ ಕೂಡಿಡಲು. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ವಿವರಿಸಿದರು: ನ್ಯಾಯವಾಗಿ ಗಳಿಸಿದ್ದು ನನ್ನಲ್ಲಿದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ.

ಸಂಗ್ರಹ ಮಾಡುವವರು ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು. ಸಾಲ ಮಾಡಿ ಅಪರೂಪದ ನಾಣ್ಯ ಕೊಂಡರೆ ಮೊದಲ ಸುಖ ಬಂದು ಮೂರನೆಯದು ಹೋಗುತ್ತದೆ. ಸನ್ನತಿ, ಕನಗನಹಳ್ಳಿಯಂಥ ನಮ್ಮ ಬೌದ್ಧ ನೆಲೆಗಳ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ ಹಳೆಯ ನಾಣ್ಯ, ಕಲ್ಲಿನ ತುಂಡು ಜೇಬಿಗೆ ಸೇರಿದರೆ ನಾಲ್ಕನೆಯದು ಹೋಗುತ್ತದೆ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರಿಂದಲೇ ಕಾನೂನಿದೆ. ಕಾನೂನಿಗಿಂತ ಮೊದಲು ನಮಗೆ ಎರಡನೇ ಶೀಲವಿದೆ: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು. ಅಶೋಕ ಮಹಾರಾಜರ ಚಿತ್ರವನ್ನು ಹೆಸರು ಸಮೇತ ಕಲ್ಲಿನಲ್ಲಿ ಉಳಿಸಿಕೊಂಡ ಕನಗನಹಳ್ಳಿಯ ಸ್ತೂಪ ಇಡೀ ಸಮಾಜದ ಆಸ್ತಿ. ಅದರ ಚೂರು ಒಬ್ಬರ ಬೀರುವಿನಲ್ಲಿ ಇರಬಾರದು.

*ಸಂಘಕ್ಕೂ ಒಂದು ಉಗ್ರಾಣವಿತ್ತು*

ವಿನಯಪಿಟಕದ ಮಹಾವಗ್ಗದಲ್ಲಿ ಚೀವರದ ಬಗ್ಗೆಯೇ ಒಂದು ಅಧ್ಯಾಯವಿದೆ. ಗೃಹಸ್ಥರು ಬಟ್ಟೆ ಕೊಡಬಹುದು ಎಂದು ಗೊತ್ತಾದ ಕೂಡಲೇ ರಾಜಗೃಹದ ಜನ ಸಂತೋಷದಿಂದ ರಾಶಿ ರಾಶಿ ತಂದರು. ಮೊದಲು, ತೆಗೆದುಕೊಳ್ಳುವವರೇ ಇರಲಿಲ್ಲ. ತಂದವರು ಹಿಂದಕ್ಕೆ ಒಯ್ದರು. ಅದಕ್ಕೊಬ್ಬ ಭಿಕ್ಖುವನ್ನು ನೇಮಿಸಿದರು. ತೆಗೆದುಕೊಂಡದ್ದನ್ನು ಎತ್ತಿಡಲು ಇನ್ನೊಬ್ಬ ಭಿಕ್ಖು ಬಂದ. ಅವನು ಮಂಟಪದಲ್ಲಿ, ಮರದ ಬುಡದಲ್ಲಿ, ಪೊಟರೆಯಲ್ಲಿ ಇಟ್ಟ. ಇಲಿ, ಗೆದ್ದಲು ತಿಂದವು. ಆಗ ಬುದ್ಧರು ಉಗ್ರಾಣಕ್ಕೆ ಅನುಮತಿ ಕೊಟ್ಟರು. ಉಗ್ರಾಣಕ್ಕೆ ಕಾವಲಿಲ್ಲದಾಯಿತು. ಆಗ ಭಂಡಾಗಾರಿಕ, ಅಂದರೆ ಭಂಡಾರಿ, ನೇಮಕವಾದ. ಉಗ್ರಾಣ ತುಂಬಿ ತುಳುಕಿತು. ಅಲ್ಲಿದ್ದ ಭಿಕ್ಖುಗಳಿಗೆ ಹಂಚಿ ಎಂದರು. ಹಂಚುವಾಗ ಗದ್ದಲವಾಯಿತು! ಹಂಚಲೂ ಒಬ್ಬನನ್ನು ನೇಮಿಸಬೇಕಾಯಿತು.

ನೋಡಿ, ಬೀರು ಜೋಡಿಸುವಾಗ ನಮ್ಮ ಮನೆಗಳಲ್ಲಿ ನಡೆಯುವುದೆಲ್ಲ ಅಲ್ಲೂ ನಡೆದಿತ್ತು. ಬುದ್ಧರು "ಬಟ್ಟೆಯ ಚಿಂತೆ ನಿಮಗೇಕೆ" ಎಂದು ತಳ್ಳಿಹಾಕಲಿಲ್ಲ. ಕೊಟ್ಟವರ ಶ್ರದ್ಧೆ ಇಲಿಯ ಪಾಲಾಗಬಾರದು ಎಂದು ಒಂದೊಂದೇ ವ್ಯವಸ್ಥೆ ಮಾಡಿದರು.

ಭಂಡಾರಿಗೆ ಐದು ಗುಣ ಇರಬೇಕು ಎಂದು ಅಲ್ಲಿ ಹೇಳಿದೆ. ಒಲವಿನಿಂದ ಪಕ್ಷಪಾತ ಮಾಡಬಾರದು. ದ್ವೇಷದಿಂದ ಮಾಡಬಾರದು. ಮೋಹದಿಂದ, ಅಂದರೆ ತಿಳಿಯದೆ ಮಾಡಬಾರದು. ಭಯದಿಂದ ಮಾಡಬಾರದು. ಕೊನೆಯದು, ಯಾವುದು ಕಾಪಾಡಲ್ಪಟ್ಟಿದೆ, ಯಾವುದು ಕಾಪಾಡಲ್ಪಟ್ಟಿಲ್ಲ ಎಂಬುದು ಅವನಿಗೆ ಗೊತ್ತಿರಬೇಕು.

ನನ್ನ ತಿಳುವಳಿಕೆಯಲ್ಲಿ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವಸ್ತು ಇರುವುದರಿಂದ ತಣ್ಹೆ ಹುಟ್ಟುವುದಿಲ್ಲ. ನಾನು ಇದರ ಒಡೆಯ ಎಂದುಕೊಂಡಾಗ ಹುಟ್ಟುತ್ತದೆ. ಬೀರುವಿಗೆ ಒಡೆಯರಾಗುವ ಬದಲು ಭಂಡಾರಿಯಾಗೋಣ. ಐದು ಗುಣಗಳನ್ನು ಒಂದೊಂದಾಗಿ ನಮ್ಮ ಬೀರುವಿಗೆ ಹಿಡಿದು ನೋಡೋಣ.

*1. ಒಲವು*

ಬೀರು ತೆರೆದಾಗ ಕಣ್ಣಿನ ಮಟ್ಟದ ಖಾನೆಯಲ್ಲಿ ಯಾರ ವಸ್ತು ಇದೆ? ಗಂಡನ ನಾಣ್ಯದ ಆಲ್ಬಮ್‌ಗಳು ಅಲ್ಲಿದ್ದು, ಹೆಂಡತಿಯ ಸೀರೆಗಳು ಮಂಚದ ಕೆಳಗಿನ ಚೀಲದಲ್ಲಿದ್ದರೆ ಅದು ಒಲವಿನ ಪಕ್ಷಪಾತ. ನಾವು ಹೊರಗೆ ಸಮಾನತೆಯ ಬಗ್ಗೆ ಭಾಷಣ ಕೇಳಿ ಬರುತ್ತೇವೆ. ಒಳಗೆ ಒಂದು ಬೀರುವಿನ ಐದು ಖಾನೆಯಲ್ಲಿ ಸಮಾನತೆ ಇಲ್ಲದಿದ್ದರೆ ಹೇಗೆ? ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಜನರ ದಿನಬಳಕೆಯ ಬಟ್ಟೆಗೆ ಮೊದಲು ಜಾಗ. ಉಳಿದ ಜಾಗ ಹವ್ಯಾಸಕ್ಕೆ. ಹೆಣ್ಣುಮಕ್ಕಳಿಗೂ ಹವ್ಯಾಸ ಇರುತ್ತದೆ ಎಂಬುದನ್ನೂ ಮರೆಯಬಾರದು.

*2. ದ್ವೇಷ*

ಸಿಟ್ಟಿನಲ್ಲಿ ಬೀರು ಸ್ವಚ್ಛ ಮಾಡಬೇಡಿ. "ಈ ಕಸ ಯಾಕೆ" ಎಂದು ಇನ್ನೊಬ್ಬರು ವರ್ಷಗಟ್ಟಲೆ ಕೂಡಿಸಿದ್ದನ್ನು ಗುಜರಿಗೆ ಹಾಕುವುದು ಹಿಂಸೆಯೇ. ಅವರವರ ವಸ್ತುವನ್ನು ಅವರವರೇ ಆರಿಸಲಿ. ಮಕ್ಕಳ ಬೆಂಕಿಪೊಟ್ಟಣದ ಚಿತ್ರಗಳಿಗೂ ಇದೇ ನಿಯಮ.

*3. ಮೋಹ*

ಇಲ್ಲಿ ಮೋಹ ಎಂದರೆ ಗೊತ್ತಿಲ್ಲದಿರುವುದು. ಒಳ್ಳೆಯ ಮನಸ್ಸಿನಿಂದ ಇಟ್ಟದ್ದೂ ತಿಳುವಳಿಕೆ ಇಲ್ಲದಿದ್ದರೆ ಹಾಳಾಗುತ್ತದೆ. ಬಟ್ಟೆಯನ್ನೂ ಸಂಗ್ರಹವನ್ನೂ ಒಂದೇ ಬೀರುವಿನಲ್ಲಿ ಇಡುವವರು ಇಷ್ಟು ತಿಳಿದಿರಬೇಕು.

ಪೂರ್ತಿ ಒಣಗದ ಬಟ್ಟೆ ಬೀರುವಿನೊಳಗೆ ತೇವ ಬಿಡುತ್ತದೆ. ಆ ತೇವಕ್ಕೆ ಅಂಚೆಚೀಟಿಯ ಗೋಂದು ಕರಗಿ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಹೆಚ್ಚು ಗಮನಿಸಬೇಕು. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ, ನಾಲ್ಕು ಬೆರಳು ಸಂದು ಬಿಡಿ. ನುಸಿಗುಳಿಗೆ ಬಟ್ಟೆಯ ಖಾನೆಯಲ್ಲಿ ಇರಲಿ, ಚೀಟಿ ಮತ್ತು ಪ್ಲಾಸ್ಟಿಕ್ ಆಲ್ಬಮ್ ಇರುವ ಖಾನೆಯಲ್ಲಿ ಬೇಡ. ಅಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಹಾಳೆಗಳಲ್ಲಿ ವರ್ಷಗಟ್ಟಲೆ ಇದ್ದ ನಾಣ್ಯಕ್ಕೆ ಹಸಿರು ಜಿಡ್ಡು ಹತ್ತುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪಿಸಬೇಡಿ. ಕರಪತ್ರಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಕಾಗದಕ್ಕೆ ಕಲೆ ಬೀಳುತ್ತದೆ. ಖಾನೆಗೆ ಹಾಸಿದ ವೃತ್ತಪತ್ರಿಕೆಯ ಮೇಲೆ ನೇರವಾಗಿ ಕಾಗದ ಇಟ್ಟರೆ ಅದೂ ಹಳದಿಯಾಗುತ್ತದೆ. ನಾಣ್ಯ ಭಾರ, ಕೆಳಗಿನ ಖಾನೆಯಲ್ಲಿರಲಿ. ಚೀಟಿಯ ಆಲ್ಬಮ್ಮನ್ನು ಪುಸ್ತಕದ ಹಾಗೆ ನಿಲ್ಲಿಸಿ, ಮೇಲೆ ಭಾರ ಹೇರಬೇಡಿ. ಬುದ್ಧ ಪೂರ್ಣಿಮೆಗೆ, ಧಮ್ಮಚಕ್ರ ಪ್ರವರ್ತನ ದಿನಕ್ಕೆ ಎಂದು ಎತ್ತಿಟ್ಟ ಬಿಳಿ ಬಟ್ಟೆ ಮಡಿಕೆಯಲ್ಲೇ ಹಳದಿಯಾಗುತ್ತದೆ. ನಡುವೆ ಒಮ್ಮೆ ತೆಗೆದು, ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡಿ.

*4. ಭಯ*

ನಮ್ಮ ಹಿರಿಯರು ಏನನ್ನೂ ಎಸೆಯುವುದಿಲ್ಲ. ಹರಿದ ಸೀರೆ, ಹಳೆಯ ಡಬ್ಬಿ, ತೂತಾದ ಸ್ವೆಟರ್, ಎಲ್ಲವೂ ಇರಲಿ. ಇದು ಜಿಪುಣತನವಲ್ಲ. ಇಲ್ಲದ ದಿನಗಳನ್ನು ಕಂಡವರ ಭಯ. ಅದನ್ನು ನಗಬೇಡಿ, ಅದರ ಹಿಂದೆ ಒಂದು ಚರಿತ್ರೆಯೇ ಇದೆ. ಆದರೆ ಆ ಭಯ ನಮ್ಮ ಕೈಗೂ ದಾಟಿ, "ಮುಂದೆ ಬೇಕಾದರೆ" ಎಂದು ಉಡದ ಹತ್ತು ಶರಟು, ಒಂದೇ ಬಗೆಯ ನೂರು ನಾಣ್ಯ ಕೂಡಿಡುತ್ತಾ ಹೋದರೆ, ಕಸಿದವರು ಹೋದ ಮೇಲೂ ನಾವು ಅವರಿಗೆ ಹೆದರಿಕೊಂಡೇ ಬದುಕಿದ ಹಾಗೆ.

ಬಾಬಾಸಾಹೇಬರ ಜೀವನದಲ್ಲಿ ಒಂದು ಪ್ರಸಂಗವಿದೆ. 1917ರಲ್ಲಿ ಲಂಡನ್ನಿನಿಂದ ಹಿಂದಿರುಗುವಾಗ ಅವರು ಬೇರೆ ಹಡಗಿನಲ್ಲಿ ಕಳುಹಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಆ ಹಡಗಿನ ಜೊತೆಗೇ ಸಮುದ್ರದ ಪಾಲಾದವು. ಹೊಟ್ಟೆ ಕಟ್ಟಿ ಕೂಡಿಸಿದ ಪುಸ್ತಕಗಳವು. ಅವರು ಮತ್ತೆ 1920ರಲ್ಲಿ ಲಂಡನ್ನಿಗೆ ಹೋದರು, ಓದಿದರು, 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗೆಗಿನ ಗ್ರಂಥ ಪ್ರಕಟಿಸಿದರು. ಬಾಬಾಸಾಹೇಬರ ಮುಖವಿರುವ ರೂಪಾಯಿ ನಾಣ್ಯ ಕೂಡಿಸುವವರು ಇದನ್ನು ನೆನೆಯಬೇಕು. ಸಂಗ್ರಹ ಹೋದರೂ ಕೆಲಸ ನಿಲ್ಲಲಿಲ್ಲ. ಮುಂದೆ ದಾದರಿನಲ್ಲಿ ರಾಜಗೃಹ ಕಟ್ಟಿಸಿ ಮತ್ತೆ ಸಾವಿರಾರು ಪುಸ್ತಕ ತುಂಬಿಸಿದರು. ಹೋದದ್ದಕ್ಕೆ ಹೆದರಿ ಕೂಡಿಸುವುದನ್ನು ಬಿಡಲಿಲ್ಲ, ಓದುವುದಕ್ಕೇ ಕೂಡಿಸಿದರು.

*5. ಯಾವುದು ಕಾಪಾಡಲ್ಪಟ್ಟಿದೆ?*

ಇದು ನಮಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡವರ ಚರಿತ್ರೆಗೆ ಅರಮನೆ, ಮಠ, ವಸ್ತುಸಂಗ್ರಹಾಲಯ ಇದೆ. ನಮ್ಮ ಚರಿತ್ರೆಯ ಬಹುಪಾಲು ಈಗಲೂ ಬೀರುವಿನಲ್ಲಿ, ಸೀರೆಯ ಕೆಳಗೆ ಇದೆ. ಒಂದು ಹಳ್ಳಿಯಲ್ಲಿ ಮೊದಲ ಬಾರಿ ಅಂಬೇಡ್ಕರ್ ಜಯಂತಿ ಮಾಡಿದ ಕರಪತ್ರ, ದೀಕ್ಷೆಯ ದಿನದ ಫೋಟೋ, ಮದುವೆಯನ್ನು ಬೌದ್ಧ ವಿಧಿಯಲ್ಲಿ ಮಾಡಿದ ಕರೆಯೋಲೆ. ಇವಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಗೆದ್ದಲು ತಿಂದರೆ ಇನ್ನೊಂದು ಪ್ರತಿಯೂ ಇಲ್ಲ. ಇಟ್ಟವರು ತೀರಿಕೊಂಡ ಮೇಲೆ ಮಕ್ಕಳಿಗೆ ಅದು ಏನೆಂದು ಗೊತ್ತಿಲ್ಲದೆ ತೂಕಕ್ಕೆ ಹೋಗುತ್ತದೆ.

ಬಾಬಾಸಾಹೇಬರ ಹಸ್ತಪ್ರತಿಗಳೂ ಅವರ ಮಹಾಪರಿನಿಬ್ಬಾಣದ ನಂತರ ಬಹುಕಾಲ ಪೆಟ್ಟಿಗೆಗಳಲ್ಲೇ ಇದ್ದವು. 1979ರಿಂದ ಮಹಾರಾಷ್ಟ್ರ ಸರ್ಕಾರ ಅವರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ತರತೊಡಗಿತು. ಹಿಂದೂ ಧರ್ಮದ ಒಗಟುಗಳ ಕುರಿತ ಅವರ ಬರಹ ಅಚ್ಚಾದದ್ದು 1987ರಲ್ಲಿ. ಆ ಹಾಳೆಗಳು ಅಷ್ಟು ವರ್ಷ ಉಳಿದಿದ್ದರಿಂದ ನಾವು ಇಂದು ಓದುತ್ತಿದ್ದೇವೆ.

ಆದ್ದರಿಂದ ಪ್ರತಿ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ. ಏನು, ಯಾವ ವರ್ಷದ್ದು, ಯಾರಿಂದ ಬಂತು ಎಂದು ಒಂದೇ ಸಾಲು. ಬೀರುವಿನ ಬಾಗಿಲಿನ ಒಳಬದಿಗೆ ಒಂದು ಪಟ್ಟಿ. ಕರಪತ್ರ, ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಇನ್ನೊಬ್ಬರಿಗೂ ಕಳುಹಿಸಿ. ನಿಮಗೊಬ್ಬರಿಗೇ ಗೊತ್ತಿರುವ ವಸ್ತು ಕಾಪಾಡಲ್ಪಟ್ಟಂತಲ್ಲ.

*ತುಂಬಿದರೆ ಹಂಚಿ*

ಉದೇನ ರಾಜನ ರಾಣಿವಾಸದವರು ಪೂಜ್ಯ ಆನಂದರಿಗೆ 500 ಚೀವರ ಕೊಟ್ಟ ಕಥೆ ನಿಮಗೆ ಗೊತ್ತಿರಬಹುದು. ಈ ಸಮಣ ಬಟ್ಟೆ ಅಂಗಡಿ ಇಡುತ್ತಾನೆಯೇ ಎಂದು ರಾಜ ಸಿಡುಕಿದ. ಬಂದು ಕೇಳಿದ. ಚೀವರ ಸವೆದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಸವೆದದ್ದನ್ನು? ಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆ? ಹಾಸಿಗೆಯ ಗವುಸು. ಆಮೇಲೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಒರೆಸುವ ಬಟ್ಟೆ. ಅದೂ ಚಿಂದಿಯಾದರೆ ಕುಟ್ಟಿ, ಮಣ್ಣಿಗೆ ಕಲಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ.

ನಮ್ಮ ಅಜ್ಜಿಯರೂ ಹಳೆ ಸೀರೆಯಿಂದ ಕೌದಿ ಹೊಲಿದರು, ಕೌದಿ ಹರಿದ ಮೇಲೆ ಒರೆಸುವ ಅರಿವೆ ಮಾಡಿದರು. ಅವರಿಗೆ ಅದು ಅನಿವಾರ್ಯವಾಗಿತ್ತು. ನಮಗೆ ಅದು ಅಭ್ಯಾಸವಾಗಬಹುದು. ವರ್ಷವಿಡೀ ಉಡದ ಬಟ್ಟೆಯನ್ನು ಚೆನ್ನಾಗಿರುವಾಗಲೇ, ಒಗೆದು ಇಸ್ತ್ರಿ ಮಾಡಿ ಕೊಡಿ. ಹರಿದದ್ದನ್ನು ಕೊಟ್ಟು ದಾನ ಎನ್ನಬೇಡಿ. ಹಳಸಿದ್ದು, ಹರಿದದ್ದು ಕೈಗೆ ಬಿದ್ದಾಗ ಹೇಗಿರುತ್ತದೆ ಎಂಬುದು ನಮ್ಮ ಮನೆತನಗಳಿಗೆ ಚೆನ್ನಾಗಿ ಗೊತ್ತು. ಎರಡೆರಡು ಇರುವ ನಾಣ್ಯ, ಚೀಟಿಯಲ್ಲಿ ಒಂದನ್ನು ಹವ್ಯಾಸ ಶುರು ಮಾಡುವ ಮಗುವಿಗೆ ಕೊಡಿ. ವಿಹಾರದಲ್ಲಿ ಜಯಂತಿಯ ದಿನ ಆಲ್ಬಮ್ ತೆರೆದಿಡಿ. ಮಕ್ಕಳು 15 ಪೈಸೆಯ ಚೀಟಿ ನೋಡಿ ಇದು ಯಾರು ಎಂದು ಕೇಳಿದರೆ, ಆ ಚೀಟಿ ಆ ದಿನ ತನ್ನ ಕೆಲಸ ಮಾಡಿತು.

*ಇಂದಿನ ಅಭ್ಯಾಸ*

ಇಂದು ಇಡೀ ಬೀರು ಬೇಡ. ಒಂದೇ ಖಾನೆ ತೆರೆಯಿರಿ. ಎಲ್ಲವನ್ನೂ ಚಾಪೆಯ ಮೇಲೆ ಹರವಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ: ಇದನ್ನು ಒಲವಿನಿಂದ ಇಟ್ಟೆನೇ, ಭಯದಿಂದ ಇಟ್ಟೆನೇ? ಇದು ಇರುವುದು ಮನೆಯಲ್ಲಿ ಇನ್ನು ಯಾರಿಗೆ ಗೊತ್ತು? ಇದಕ್ಕೆ ಜಾಗ ಕೊಡಲು ಯಾರ ಜಾಗ ಕಿತ್ತುಕೊಂಡೆ? ಇಡುವುದನ್ನು ಚೆನ್ನಾಗಿ ಇಡಿ. ಕೊಡುವುದನ್ನು ಇವತ್ತೇ ಪಕ್ಕಕ್ಕೆ ತೆಗೆದಿಡಿ. ಕೊನೆಗೆ ಆ ಖಾನೆಯಲ್ಲಿ ಒಂದು ಗೇಣು ಜಾಗ ಖಾಲಿ ಬಿಡಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈಭೀಮ್.